ಆರೋಗ್ಯದ ಪ್ರಶ್ನಾವಳಿನ ಬೇರೆ ಭಾಷೆಗೆ ಒಗ್ಗಿಸೋದು: ನನ್ನ ಅನುಭವ

ಸಂಧಿವಾತ ಇರೋರಿಗೆ ದಿನನಿತ್ಯದ ಕೆಲಸ ಎಷ್ಟು ಕಷ್ಟ ಆಗ್ತಿದೆ ಅಂತ ಅಳೆಯೋಕೆ ಹೆಲ್ತ್ ಅಸೆಸ್‌ಮೆಂಟ್ ಕ್ವೆಶ್ಚನೇರ್ ಅಂತ ಒಂದಿದೆ, ಎಲ್ಲರೂ ಎಚ್‌ಎಕ್ಯೂ ಅಂತಾರೆ, 1980ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಪ್ರಕಟಿಸಿದ್ದು. ಇಂಥ ಪ್ರಶ್ನಾವಳಿನ ಇನ್ನೊಂದು ಭಾಷೆಗೆ ತರೋ ಕೆಲಸದಲ್ಲಿ ನಾನು ಕೂತಿದ್ದೀನಿ. ಹೊಸದಾಗಿ ಶುರು ಮಾಡೋರಿಗೆ ನಾನು ಮೊದಲು ಹೇಳೋದು ಏನಂದ್ರೆ, ಅನುವಾದಕರನ್ನ ಹುಡುಕೋಕೆ ಮುಂಚೆ ಸ್ಕೋರಿಂಗ್ ಹೇಗೆ ಮಾಡ್ತಾರೆ ಅಂತ ಪೂರ್ತಿ ಓದ್ಕೊಳ್ಳಿ.

ಯಾಕೆ ಅಂದ್ರೆ ಎಚ್‌ಎಕ್ಯೂನಲ್ಲಿ 20 ಪ್ರಶ್ನೆ, 8 ವಿಭಾಗ, ಪ್ರತಿ ಪ್ರಶ್ನೆಗೂ 0ಯಿಂದ (ಏನೂ ಕಷ್ಟ ಇಲ್ಲ) 3ರವರೆಗೆ (ಮಾಡೋಕೇ ಆಗಲ್ಲ) ಅಂಕ. ಒಂದು ವಿಭಾಗದಲ್ಲಿ ಯಾವ ಪ್ರಶ್ನೆಗೆ ಜಾಸ್ತಿ ಅಂಕ ಬಂತೋ ಅದೇ ಆ ವಿಭಾಗದ ಅಂಕ, ಆಮೇಲೆ ಎಂಟರದ್ದೂ ಸರಾಸರಿ. ಶುಚಿತ್ವದ ವಿಭಾಗದಲ್ಲಿ ಟಬ್‌ನಲ್ಲಿ ಸ್ನಾನ ಮಾಡೋಕೆ ಆಗತ್ತಾ ಅಂತ ಒಂದು ಪ್ರಶ್ನೆ ಇದೆ. ಟಬ್ಬನ್ನೇ ಬಳಸದ ಜನ "ಆಗಲ್ಲ" ಅಂತ ಟಿಕ್ ಹಾಕ್ತಾರೆ, ಅವರ ಮಟ್ಟಿಗೆ ಅದು ನಿಜಾನೇ, ಆದ್ರೆ ಆ ಒಂದು ಟಿಕ್‌ನಿಂದ ಇಡೀ ವಿಭಾಗ 3 ಆಗತ್ತೆ, ಉಳಿದಂತೆ ಅಲ್ಲಿ ಏನೂ ತೊಂದರೆ ಇಲ್ಲದ ರೋಗಿಯ ಒಟ್ಟು ಅಂಕ 0.375 ಏರತ್ತೆ. ಸಂಧಿವಾತದಲ್ಲಿ 0.22 ಬದಲಾದ್ರೇನೇ ರೋಗಿಗೆ ವ್ಯತ್ಯಾಸ ಗೊತ್ತಾಗೋ ಮಟ್ಟದ್ದು ಅಂತ ಸಾಮಾನ್ಯವಾಗಿ ತಗೊಳ್ತಾರೆ. ಅಂದ್ರೆ ಕೀಲಿಗೆ ಏನೂ ಆಗದೇನೇ ಕಾಯಿಲೆ ಜೋರಾಗಿದೆ ಅಂತ ಕಾಗದ ಹೇಳತ್ತೆ! ಔಷಧಿ ಬದಲಾಯಿಸೋ ತೀರ್ಮಾನಕ್ಕೂ ಇದೇ ಅಂಕ ನೋಡ್ತಾರೆ ಅನ್ನೋದು ನೆನಪಿರಲಿ.

ಹಾಗಾಗಿ ನಾವು ಒಂದೊಂದು ಪ್ರಶ್ನೆಗೂ ಮೊದಲು ಆ ಕೆಲಸ ದೇಹದಿಂದ ಏನು ಕೇಳತ್ತೆ ಅಂತ ಬರ್ಕೊಂಡ್ವಿ. ಟಬ್ ಅಂದ್ರೆ ಮಂಡಿ ಮತ್ತೆ ಸೊಂಟ ಮಡಚಿ ತಗ್ಗಿಗೆ ಇಳಿಯೋದು, ಕೈ ಊರಿ ಮತ್ತೆ ಏಳೋದು. ದೇಹದಿಂದ ಇದನ್ನೇ ಕೇಳೋ, ಆ ಜನ ಎಲ್ಲರೂ ಮಾಡೋ ಕೆಲಸ ಯಾವುದು ಅಂತ ರೋಗಿಗಳನ್ನೇ ಕೇಳಿದ್ವಿ. ಎಸ್‌ಎಫ್-36 ಅನ್ನೋ ಇನ್ನೊಂದು ಆರೋಗ್ಯದ ಪ್ರಶ್ನಾವಳಿಯಲ್ಲೂ ಇದೇ ಕಥೆ, ಮಧ್ಯಮ ಶ್ರಮದ ಕೆಲಸಕ್ಕೆ ವ್ಯಾಕ್ಯೂಮ್ ಕ್ಲೀನರ್, ಬೌಲಿಂಗ್, ಗಾಲ್ಫ್ ಉದಾಹರಣೆ ಕೊಟ್ಟಿದಾರೆ. ಬದಲಿ ಹುಡುಕುವಾಗ ಶ್ರಮ ಅಷ್ಟೇ ಇರಬೇಕು, ತೀರಾ ಹಗುರದ್ದು ಹಾಕಿದ್ರೆ ಎಲ್ಲರೂ ಆರೋಗ್ಯವಾಗಿ ಕಾಣ್ತಾರೆ.

ಉಳಿದ ಕ್ರಮ ಗೊತ್ತಿರೋದೇ: ಮೂಲ ಪ್ರಶ್ನಾವಳಿ ಮಾಡಿದವರ ಅನುಮತಿ, ಇಬ್ಬರು ಬೇರೆ ಬೇರೆಯಾಗಿ ಅನುವಾದ ಮಾಡೋದು, ಎರಡನ್ನೂ ಕೂಡಿಸೋದು, ಮೂಲ ನೋಡದೇ ಇರೋರಿಂದ ಮತ್ತೆ ಮೂಲ ಭಾಷೆಗೆ ಹಿಂದಕ್ಕೆ ಅನುವಾದ, ತಜ್ಞರ ಸಮಿತಿ, ಆಮೇಲೆ 30ರಿಂದ 40 ಜನರ ಮೇಲೆ ಪರೀಕ್ಷೆ. 2000ದಲ್ಲಿ ಬೀಟನ್ ಮತ್ತು ಜೊತೆಯವರು ಬರೆದ ಮಾರ್ಗಸೂಚಿ ಇದನ್ನ ಚೆನ್ನಾಗಿ ಹೇಳತ್ತೆ. ಆದ್ರೆ ಹಿಂದಕ್ಕೆ ಅನುವಾದ ಮಾಡಿದ್ದು ಮೂಲಕ್ಕೆ ಸರಿಯಾಗಿ ಹೊಂದ್ತು ಅಂತ ನೆಮ್ಮದಿಯಾಗಿ ಕೂರಬೇಡಿ, ಟಬ್ಬಿನ ಪ್ರಶ್ನೆನ ಎಷ್ಟು ಸಲ ಹಿಂದೆ ಮುಂದೆ ತಿರುಗಿಸಿದ್ರೂ ಟಬ್ಬಾಗೇ ಬರತ್ತೆ.

ನಿಜವಾದ ದೋಷ ಸಿಗೋದು ರೋಗಿ ಜೊತೆ ಕೂತಾಗ. "ಅರ್ಥ ಆಯ್ತಾ" ಅಂತ ಕೇಳಿದ್ರೆ ಹೂಂ ಅಂತಾರೆ ಅಷ್ಟೇ, ಅದರಿಂದ ಏನೂ ಸಿಗಲ್ಲ. ಈ ಪ್ರಶ್ನೆನ ನಿಮ್ಮ ಮಾತಲ್ಲಿ ಹೇಳಿ, ಈ ಉತ್ತರ ಯಾಕೆ ಆರಿಸ್ಕೊಂಡ್ರಿ, ಕೊನೇ ಸಲ ಇದನ್ನ ಮಾಡಿದ್ದು ಯಾವಾಗ, ಅಂತ ನಾನು ಕೇಳ್ತಿದ್ದೆ. "ಮಾಡೋಕೆ ಆಗಲ್ಲ" ಬೇರೆ, "ಮಾಡೋ ಅಭ್ಯಾಸ ಇಲ್ಲ" ಬೇರೆ, "ಮನೆಯವರು ಮಾಡೋಕೆ ಬಿಡಲ್ಲ" ಇನ್ನೂ ಬೇರೆ, ಮೂರೂ ಒಂದೇ ಖಾನೆಗೆ ಬೀಳೋದು ಕೊನೇ ಸಲ ಯಾವಾಗ ಮಾಡಿದ್ರಿ ಅಂತ ಕೇಳಿದಾಗಲೇ ಗೊತ್ತಾಗೋದು. ಜೊತೆಗೆ ಬಂದವರು ರೋಗಿ ಪರವಾಗಿ ಉತ್ತರ ಹೇಳ್ತಿದ್ರೆ ಸಮಾಧಾನವಾಗಿ ಹೊರಗೆ ಕೂರಿಸಿ. ಓದೋಕೆ ಬಾರದವರಿಗೆ ನೀವೇ ಓದಿ ಹೇಳೋದಾದ್ರೆ ಅದನ್ನೂ ಅದೇ ರೀತಿ ಪರೀಕ್ಷೆ ಮಾಡಿ.

ಉತ್ತರದ ಆಯ್ಕೆಗಳನ್ನೂ ಬಿಡಬೇಡಿ. 0ಯಿಂದ 100ರ ಗೆರೆ ಕೊಟ್ಟು "ಸ್ವಲ್ಪ ಕಷ್ಟ", "ತುಂಬಾ ಕಷ್ಟ" ಎಲ್ಲಿ ಬರತ್ತೆ ಗುರುತು ಹಾಕಿ ಅಂದ್ರೆ ಅಂತರ ಸರಿ ಇದೆಯೋ ಇಲ್ಲವೋ ಗೊತ್ತಾಗತ್ತೆ.

ಕೊನೆಗೆ ಕ್ರಾನ್‌ಬಾಕ್ ಆಲ್ಫಾ ಅನ್ನೋ ಲೆಕ್ಕ 0.70 ದಾಟಿತು ಅಂತ ತುಂಬಾ ಜನ ಕೆಲಸ ಮುಗಿಸ್ತಾರೆ, ಅದು ಪ್ರಶ್ನೆಗಳು ಒಂದಕ್ಕೊಂದು ಹೊಂದ್ತವೆ ಅಂತ ಮಾತ್ರ ಹೇಳೋದು. ಸ್ಥಿತಿ ಬದಲಾಗದ ರೋಗಿಗಳಿಗೆ ಒಂದೆರಡು ವಾರ ಬಿಟ್ಟು ಮತ್ತೆ ಕೊಟ್ಟು ನೋಡಿ, ಕಾಯಿಲೆಯ ಬೇರೆ ಅಳತೆಗಳ ಜೊತೆ ಹೋಲಿಸಿ. ಯಾವ ಪ್ರಶ್ನೆನ ಯಾಕೆ ಬದಲಾಯಿಸಿದ್ವಿ ಅನ್ನೋದನ್ನ ಒಂದೊಂದಾಗಿ ಬರೆದು ಮೂಲದವರಿಗೂ ಕಳಿಸಿ, ಬೇರೆ ದೇಶದ ಅಂಕಗಳ ಜೊತೆ ನಿಮ್ಮ ಅಂಕ ಹೋಲಿಸೋರಿಗೆ ಆ ಪಟ್ಟಿ ಬೇಕೇ ಬೇಕು.