ಹನ್ನೆರಡು ಕೋಳಿಗೆ ನಾಲ್ಕು ತಾಕು

ಕೋಳಿಗೆ ಯಾರಾದರೂ ಬೇಲಿ ಹಾಕುತ್ತಾರೆಯೇ ಎಂಬುದು ನಮ್ಮ ಅತ್ತೆಯ ವಾದ. ಅವರ ಕಾಲದಲ್ಲಿ ಬೆಳಿಗ್ಗೆ ಮಂಕರಿ ಎತ್ತಿದರೆ ಸಾಕಿತ್ತು, ಕೋಳಿಗಳು ತಿಪ್ಪೆ, ಕಣ, ಕೊಟ್ಟಿಗೆ ಎಲ್ಲ ಕೆದಕಿ ಸಂಜೆಗೆ ತಾವೇ ಮರಳುತ್ತಿದ್ದವು. ಈಗ ತಿಪಟೂರು ಸುತ್ತಿನ ನಮ್ಮಂಥ ಊರಿನಲ್ಲಿ ಕಣವೂ ಇಲ್ಲ, ತಿಪ್ಪೆಯೂ ಇಲ್ಲ. ಬೀದಿನಾಯಿಗಳಿಗೆ ಮಾತ್ರ ಬರವಿಲ್ಲ. ಹಾಗೆಂದು ಒಂದೇ ಜಾಗದಲ್ಲಿ ಕೂಡಿಹಾಕಿದರೆ ನೆಲ ಬೋಳಾಗುತ್ತದೆ, ಮಳೆ ಬಿದ್ದಾಗ ಹಿಕ್ಕೆಯೂ ಮಣ್ಣೂ ಕಲೆತು ಕೆಸರಾಗುತ್ತದೆ. ಆದ್ದರಿಂದ ಜಾಗವನ್ನು ಪಾಲು ಮಾಡಿ ಸರದಿಯಲ್ಲಿ ಮೇಯಿಸಬೇಕು.

ತೆಂಗಿನ ತೋಟವಿದ್ದವರಿಗೆ ಅಳತೆಯ ಕೆಲಸ ಹಗುರ. ಮೂವತ್ತು ಅಡಿ ಅಂತರದಲ್ಲಿ ನೆಟ್ಟ ನಾಲ್ಕು ಮರಗಳ ನಡುವಿನ ಚೌಕವನ್ನೇ ತೆಗೆದುಕೊಳ್ಳಿ: 900 ಚದರ ಅಡಿ. ಹನ್ನೆರಡು ಕೋಳಿಗೆ ಇದು ಧಾರಾಳ. ಚೌಕದ ನಟ್ಟನಡುವೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ಕಟ್ಟಿ, ಅದರ ನಾಲ್ಕು ಗೋಡೆಗಳ ಮಧ್ಯದಿಂದ ಹೊರಬೇಲಿಯವರೆಗೆ ಒಂದೊಂದು ಅಡ್ಡಬೇಲಿ ಎಳೆಯಿರಿ. ನಾಲ್ಕು ತಾಕುಗಳಾದವು. ಪ್ರತಿ ತಾಕಿನ ಕಡೆಗೂ ಗೂಡಿಗೆ ಒಂದಡಿಯ ಕಿಂಡಿ ಇರಲಿ. ತಾಕು ಬದಲಿಸಲು ಕೋಳಿಗಳ ಹಿಂದೆ ಓಡಬೇಕಾಗಿಲ್ಲ. ಒಂದು ಕಿಂಡಿ ಮುಚ್ಚಿ ಇನ್ನೊಂದನ್ನು ತೆರೆದರೆ ಆಯಿತು. ಬೇಲಿ ಒಟ್ಟು 170 ಅಡಿ ಬೇಕು, ಹೊರಗಿನದು 120, ಒಳಗಿನದು 50. ಮಟ್ಟೆ, ಕಾಯಿ ಬೀಳುವುದು ಮರದ ಬುಡದ ಸುತ್ತ, ಅಂದರೆ ಮೂಲೆಗಳಲ್ಲಿ. ನೀರಿನ ಬೋಗುಣಿ, ಕಾಳಿನ ತಟ್ಟೆಗಳನ್ನು ಅಲ್ಲಿಡಬೇಡಿ.

ಒಳಬೇಲಿಗೆ ನೈಲಾನ್ ಬಲೆ ಸಾಕು. ಹೊರಬೇಲಿಯಲ್ಲಿ ಜಿಪುಣತನ ಬೇಡ. ಕೋಳಿ ಜಾಲರಿ ಎಂದು ಮಾರುವ ತೆಳು ತಂತಿಯ ಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ಬೆಸುಗೆ ಹಾಕಿದ ದಪ್ಪ ಜಾಲರಿಯನ್ನೇ ಕೇಳಿ, ಎತ್ತರ ಐದು ಅಡಿ ಇರಲಿ. ಮುಂಗುಸಿ ಹಾರುವುದಕ್ಕಿಂತ ಹೆಚ್ಚಾಗಿ ತೋಡಿ ನುಗ್ಗುತ್ತದೆ. ಬೇಲಿಯ ಬುಡದಲ್ಲಿ ಹೊರಗಡೆಗೆ ಒಂದೂವರೆ ಅಡಿ ಜಾಲರಿಯನ್ನು ನೆಲಕ್ಕೆ ಹಾಸಿ ಮಣ್ಣು ಮುಚ್ಚಿ, ಇಲ್ಲವೇ ಕಲ್ಲು ಚಪ್ಪಡಿ ಹೊದಿಸಿ. ಗೂಡಿನ ಕಿಟಕಿಗೆ ಅರ್ಧ ಅಂಗುಲದ ಜಾಲರಿ ಹಾಕಿದರೆ ಹಾವು, ಹೆಗ್ಗಣಗಳ ಭಯ ಕಡಿಮೆ. ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜದಂಥ ಭಾರದ ತಳಿಗೆ ಐದು ಅಡಿ ದಾಟುವ ಶಕ್ತಿ ಇಲ್ಲ. ನಾಟಿ ಕೋಳಿಯ ಮಾತೇ ಬೇರೆ, ಅದಕ್ಕೆ ಒಂದು ಕಡೆಯ ರೆಕ್ಕೆಯ ಉದ್ದನೆಯ ಗರಿಗಳನ್ನು ಮಾತ್ರ ಕತ್ತರಿಸಿ. ಎರಡೂ ಕಡೆ ಕತ್ತರಿಸಿದರೆ ಸಮತೋಲ ತಪ್ಪುವುದಿಲ್ಲ, ಒದ್ದಾಡಿಕೊಂಡಾದರೂ ಹಾರುತ್ತದೆ. ಮರಿಗಳು ಹದ್ದು, ಗಿಡುಗಗಳ ಪಾಲಾಗದಂತೆ ಮೊದಲ ಕೆಲವು ವಾರ ತಾಯಿಯೊಂದಿಗೆ ಮಂಕರಿಯಡಿ ಇರಲಿ. ಇಷ್ಟರ ಮಟ್ಟಿಗೆ ಅತ್ತೆಯ ಪದ್ಧತಿಯೇ ಸರಿ.

ಬೇಲಿಗಿಂತ ಮೊದಲು ನೆಲವನ್ನು ನೋಡಬೇಕು. ಹರಳು, ಗುಲಗಂಜಿ, ಉಮ್ಮತ್ತಿ, ಕಣಗಿಲೆಯಂಥ ವಿಷದ ಗಿಡಗಳಿದ್ದರೆ ಬುಡಸಹಿತ ಕಿತ್ತುಹಾಕಿ. ತೆಂಗಿನ ಸುಳಿ ಕೊರೆಯುವ ದುಂಬಿಗೆಂದು ಕೆಲವರು ಗುಳಿಗೆ ರೂಪದ ಕೀಟನಾಶಕವನ್ನು ಮರಳಿನೊಂದಿಗೆ ಬೆರೆಸಿ ಸುಳಿಗೆ ಹಾಕುತ್ತಾರೆ. ಅದು ಗಾಳಿ ಮಳೆಗೆ ಉದುರಿದರೆ ಕೋಳಿ ಕಾಳೆಂದೇ ಹೆಕ್ಕುತ್ತದೆ, ಅಲ್ಲಿಗೆ ಮುಗಿಯಿತು. ಆ ಮರಗಳ ಕೆಳಗೆ ಕೋಳಿ ಬಿಡಬೇಡಿ. ಬಣ್ಣ ಲೇಪಿಸಿದ ಬಿತ್ತನೆ ಜೋಳವನ್ನೂ ಎಟುಕದಂತೆ ಇಡಿ.

ಇನ್ನು ಸರದಿ. ವಾರಕ್ಕೊಂದು ತಾಕು ಎಂದು ಹೇಳುವವರಿದ್ದಾರೆ. ನಾನು ಕ್ಯಾಲೆಂಡರ್ ನೋಡುವುದಿಲ್ಲ, ಗರಿಕೆ ನೋಡುತ್ತೇನೆ. ಹುಲ್ಲು ನಾಲ್ಕೈದು ಅಂಗುಲ ಬೆಳೆದಾಗ ಕೋಳಿ ಬಿಡಬೇಕು, ಎರಡು ಅಂಗುಲಕ್ಕೆ ಇಳಿದಾಗ ಹೊರಡಿಸಬೇಕು. ಅದಕ್ಕಿಂತ ಕೆಳಗೆ ಮೇಯಿಸಿದರೆ ಬೇರು ಸೋತು ಚಿಗುರು ನಿಧಾನವಾಗುತ್ತದೆ. ತೀರ ಉದ್ದ ಬೆಳೆದ ಒರಟು ಹುಲ್ಲೂ ಒಳ್ಳೆಯದಲ್ಲ. ಅದರ ನಾರು ಕೋಳಿಯ ಕತ್ತಿನ ಬುಡದ ಚೀಲದಲ್ಲಿ ಉಂಡೆಗಟ್ಟುತ್ತದೆ. ಕುಡುಗೋಲಿನಿಂದ ಸವರಿ ಬಿಡಿ. ಮಳೆಗಾಲದಲ್ಲಿ ಒಂದು ತಾಕಿನ ಪಾಳಿ ಸುಮಾರು ವಾರ, ಅದಕ್ಕೆ ವಿಶ್ರಾಂತಿ ಮೂರು ವಾರ. ಖಾಲಿ ಬಿದ್ದ ತಾಕಿನಲ್ಲಿ ಬೋಳು ಕಂಡಲ್ಲಿ ಅಲಸಂದೆ, ಹುರುಳಿ ಚೆಲ್ಲಿ.

ಫೆಬ್ರವರಿಯಿಂದ ಮೊದಲ ಹದ ಮಳೆ ಬೀಳುವವರೆಗೆ ಈ ಲೆಕ್ಕ ನಡೆಯುವುದಿಲ್ಲ, ಹುಲ್ಲು ಬೆಳೆಯದಿದ್ದ ಮೇಲೆ ಸರದಿ ಎಲ್ಲಿಯದು? ಆಗ ನೆರಳು ಚೆನ್ನಾಗಿರುವ ಒಂದು ತಾಕನ್ನು ಬಲಿಕೊಟ್ಟು ಉಳಿದ ಮೂರನ್ನು ಮುಚ್ಚಿಬಿಡಿ. ಆ ತಾಕಿಗೆ ಮೊಣಕಾಲ ಕೆಳಗಿನವರೆಗೆ ತರಗು ತುಂಬಿದರೆ ಕೋಳಿಗಳಿಗೆ ದಿನವಿಡೀ ಕೆದಕುವ ಕೆಲಸ, ಹುಳು ಹುಪ್ಪಟೆ ಬೇರೆ. ಹಸಿರಿಗೆ ನುಗ್ಗೆ ಸೊಪ್ಪಿನ ಕಟ್ಟನ್ನು ತೂಗುಹಾಕಿ. ಹನ್ನೆರಡು ಕೋಳಿ ಸಾಮಾನ್ಯ ದಿನದಲ್ಲಿ ಮೂರು ಲೀಟರ್ ನೀರು ಕುಡಿದರೆ ಏಪ್ರಿಲ್‌ನಲ್ಲಿ ಅದರ ಇಮ್ಮಡಿ ಬೇಕಾಗಬಹುದು.

ಮೇಯುತ್ತವೆ ಎಂದು ಕಾಳು ನಿಲ್ಲಿಸುವಂತಿಲ್ಲ. ಹುಲ್ಲಿನಿಂದ ಮೊಟ್ಟೆ ಹುಟ್ಟುವುದಿಲ್ಲ. ರಾಗಿ, ಒಡೆದ ಮೆಕ್ಕೆಜೋಳ, ತೌಡು, ಹಿಂಡಿ, ಜೊತೆಗೆ ಪುಡಿಮಾಡಿದ ಕಪ್ಪೆಚಿಪ್ಪು ಸಂಜೆ ಗೂಡಿನೊಳಗೇ ಕೊಡಿ. ಆ ಆಸೆಗೆ ಕತ್ತಲಾಗುವ ಮೊದಲೇ ಒಳಗೆ ಬರುತ್ತವೆ.

ಒಂದು ಭ್ರಮೆ ಬೇಡ: ಮೂರು ವಾರದ ವಿಶ್ರಾಂತಿ ಹುಲ್ಲಿಗೆ ಸಾಕು, ರೋಗಕ್ಕೆ ಸಾಲದು. ದುಂಡುಹುಳುವಿನ ಮೊಟ್ಟೆಗಳು ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಒದ್ದೆ ಸೆಕೆಯಲ್ಲಿ ಒಂದೆರಡು ದಿನದಲ್ಲೇ ಸೋಂಕು ಹತ್ತಿಸುವ ಸ್ಥಿತಿಗೆ ಬರುತ್ತದೆ. ಆದ್ದರಿಂದ ವಿಶ್ರಾಂತಿ ಮುಗಿದ ತಾಕಿಗೆ ಹೊಸ ಹಿಕ್ಕೆ ಬೀಳುವ ಮುನ್ನವೇ ಎಳೆಮರಿಗಳು ಮೊದಲು, ದೊಡ್ಡ ಕೋಳಿಗಳು ಆಮೇಲೆ ಹೋಗಲಿ. ನೀರು ಚೆಲ್ಲಿ ಕೆಸರಾಗದಂತೆ ಬೋಗುಣಿಯ ಜಾಗ ಬದಲಿಸುತ್ತಿರಿ, ಕಿಂಡಿಗಳ ಮುಂದೆ ಚಪ್ಪಡಿ ಹಾಸಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಜಂತುನಾಶಕದ ಪ್ರಮಾಣವನ್ನೂ ಅವರನ್ನೇ ಕೇಳಿ, ಅಂಗಡಿಯವನನ್ನಲ್ಲ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಗೆ ಬೇಲಿ, ಸರದಿ ಯಾವುದೂ ಬದಲಿಯಲ್ಲ. ಮರಿಗೆ ಏಳನೆಯ ದಿನದ ಹೊತ್ತಿಗೆ ಮೊದಲ ಹನಿ ಬಿದ್ದಿರಬೇಕು.

ಕೋಳಿ ಮೇಯ್ದ ತಾಕಿನಲ್ಲಿ ತರಕಾರಿ ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಆ ತಾಕನ್ನು ಸರದಿಯಿಂದ ಬಿಟ್ಟು ಹಾಕಿ, ಆದರೆ ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ ಬೇಡ. ಕೋಳಿ ಹೊರಟ ಮೇಲೆ ನಾಲ್ಕು ತಿಂಗಳಾದರೂ ಕಳೆದ ನಂತರ ಕೊಯ್ಲಿಗೆ ಬರುವ ಕುಂಬಳ, ಸೋರೆಯಂಥ ಬಳ್ಳಿಗಳನ್ನು ಬೇಲಿಗೇ ಹಬ್ಬಿಸಿದರೆ ಮುಂದಿನ ಬೇಸಿಗೆಗೆ ಕೋಳಿಗಳಿಗೆ ನೆರಳೂ ಆಗುತ್ತದೆ.