ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವೇ ಬರೆದುಕೊಂಡ ಲಿವಿಂಗ್ ಟ್ರಸ್ಟ್: ನನ್ನ ಅನುಭವ

ಈ ವರ್ಷ ನಾವು ಬಾಡಿಗೆಗೆ ಕೊಟ್ಟಿದ್ದ ಟೌನ್‌ಹೌಸ್ ಮಾರಿದೆವು. ಅದು ಇದ್ದದ್ದು ನಮ್ಮ ಲಿವಿಂಗ್ ಟ್ರಸ್ಟಿನ ಹೆಸರಿನಲ್ಲಿ; ಅಂದರೆ ಬದುಕಿರುವಾಗ ಆಸ್ತಿಯನ್ನು ನಾವೇ ನಡೆಸಿ, ನಮ್ಮ ನಂತರ ಕೋರ್ಟಿಗೆ ಹೋಗದೆ ವಾರಸುದಾರರಿಗೆ ದಾಟಿಸುವ ಏರ್ಪಾಡು. ಕಾಗದಪತ್ರಕ್ಕೆಲ್ಲ ಸಹಿ ಹಾಕಿದವಳು ನಾನೊಬ್ಬಳೇ. ಅತ್ತೆಯವರನ್ನು ನೋಡಿಕೊಳ್ಳಲು ನಮ್ಮವರು ಮೈಸೂರಿಗೆ ಹೋಗಿ ಆಗಲೇ ಕೆಲವು ತಿಂಗಳಾಗಿತ್ತು. ಮಾರಾಟದಲ್ಲಿ ಮನೆಯ ಹಕ್ಕು ಪರಿಶೀಲಿಸುವ ಟೈಟಲ್ ಕಂಪನಿಯವರು ನಮ್ಮ ಟ್ರಸ್ಟಿನ ಸರ್ಟಿಫಿಕೇಷನ್ (ಟ್ರಸ್ಟ್ ಇದೆ, ನಡೆಸುವವರು ಇಂಥವರು ಎಂದು ಹೇಳುವ ಸಾರಾಂಶ ಪತ್ರ) ನೋಡಿ ಒಂದು ಮಾತೂ ಕೇಳದೆ ಮುಂದುವರಿದರು. ವಕೀಲರಿಲ್ಲದೆ ಬರೆದ ಟ್ರಸ್ಟ್ ರದ್ದಿ ಕಾಗದಕ್ಕೆ ಸಮ ಎಂದು ಯುಗಾದಿ ಊಟದಲ್ಲಿ ಕೂತು ಹೇಳಿದವರೆಲ್ಲ ಈಗ ನನಗೆ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಟ್ರಸ್ಟ್ ಬೇಕೋ ಬೇಡವೋ ಎಂಬುದು ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕದಲ್ಲೇ ಇತ್ಯರ್ಥವಾಗುತ್ತದೆ. ಪ್ರೊಬೇಟ್‌ಗೆ, ಅಂದರೆ ಸತ್ತವರ ಆಸ್ತಿಯನ್ನು ಕೋರ್ಟಿನ ಮೂಲಕ ಹಂಚುವ ಪ್ರಕ್ರಿಯೆಗೆ, ಹೋದರೆ ವಕೀಲರ ಶುಲ್ಕವನ್ನು ಕಾನೂನೇ ನಿಗದಿ ಮಾಡಿದೆ: ಮೊದಲ ಒಂದು ಲಕ್ಷ ಡಾಲರಿಗೆ ಶೇ. 4, ಮುಂದಿನ ಲಕ್ಷಕ್ಕೆ ಶೇ. 3, ಆಮೇಲಿನ ಎಂಟು ಲಕ್ಷಕ್ಕೆ ಶೇ. 2, ಅದರಾಚೆ ಶೇ. 1. ಹದಿನೈದು ಲಕ್ಷದ ಮನೆಗೆ 28,000 ಡಾಲರ್. ಉಯಿಲು ಜಾರಿ ಮಾಡುವ ಎಕ್ಸಿಕ್ಯೂಟರ್ ಕೇಳಿದರೆ ಅವರಿಗೂ ಅಷ್ಟೇ. ಮನೆ ಮೇಲೆ ಹತ್ತು ಲಕ್ಷ ಸಾಲವಿದ್ದರೂ ಅದನ್ನು ಕಳೆಯುವುದಿಲ್ಲ, ಪೂರ್ತಿ ಬೆಲೆಯ ಮೇಲೇ ಲೆಕ್ಕ. ಏಪ್ರಿಲ್ 2025ರಿಂದ ಏಳೂವರೆ ಲಕ್ಷದೊಳಗಿನ ವಾಸದ ಮನೆಗೆ ಸರಳ ದಾರಿ ಬಂದಿದೆ. ಈ ಕಡೆ ಆ ಬೆಲೆಗೆ ಮನೆ ಎಲ್ಲಿದೆ?

ವಕೀಲರು ಬೇಕೋ ಬೇಡವೋ ಎಂಬುದರಲ್ಲೇ ನಾವು ಬಹಳ ದಿನ ತೂಗಾಡಿದ್ದು. ಒಬ್ಬರು 3,500 ಅಂದರು, ಇನ್ನೊಬ್ಬರು 5,000ದ ಹತ್ತಿರ. ಪುಕ್ಕಟೆ ಊಟ ಹಾಕಿ ಟ್ರಸ್ಟ್ ಮಾರುವ ಸೆಮಿನಾರಿಗೂ ಹೋಗಿ ಬಂದೆವು. ಟ್ರಸ್ಟಿನ ನೆಪದಲ್ಲಿ ಆನ್ಯುಟಿ ಎಂಬ ವಿಮಾ ಯೋಜನೆ ತಗುಲಿಸುವುದೇ ಅಲ್ಲಿನ ಕಸುಬು. ಕೊನೆಗೆ ನನ್ನ ಮನಸ್ಸು ಗಟ್ಟಿಯಾದದ್ದು ಗೆಳತಿಯ ಫೈಲ್ ನೋಡಿದ ಮೇಲೆ. ವಕೀಲರು ಮಾಡಿಕೊಟ್ಟ ಚಂದದ ಚರ್ಮದ ಫೋಲ್ಡರ್, ಒಳಗೆ ಅರವತ್ತು ಪುಟ. ಮನೆಯ ಡೀಡ್ (ಹಕ್ಕುಪತ್ರ) ಮಾತ್ರ ಗಂಡಹೆಂಡತಿ ಹೆಸರಿನಲ್ಲೇ ಇತ್ತು, ಟ್ರಸ್ಟಿಗೆ ಯಾರೂ ವರ್ಗಾಯಿಸಿರಲಿಲ್ಲ. ಟ್ರಸ್ಟ್ ಪತ್ರ ಬರೆಯುವುದು ಎರಡು ಸಂಜೆಯ ಕೆಲಸ. ಆಸ್ತಿಯನ್ನು ಒಂದೊಂದಾಗಿ ಟ್ರಸ್ಟಿನ ಹೆಸರಿಗೆ ತರುವುದೇ ನಿಜವಾದ ಕೆಲಸ. ಅದನ್ನು ಹೇಗೂ ನಾವೇ ಮಾಡಬೇಕೆಂದರೆ ಮೊದಲಿನದ್ದಕ್ಕೆ ಐದು ಸಾವಿರ ಏಕೆ ಕೊಡಬೇಕು?

ಅದಕ್ಕೂ ಮೊದಲು ಟೌನ್‌ಹೌಸಿಗೆ ಟ್ರಾನ್ಸ್‌ಫರ್ ಆನ್ ಡೆತ್ ಡೀಡ್, ಅಂದರೆ ಸತ್ತ ಮೇಲೆ ಮನೆ ನೇರವಾಗಿ ಹೆಸರಿಸಿದವರಿಗೆ ಹೋಗುವ ಪತ್ರ, ಮಾಡಲು ಹೊರಟಿದ್ದೆ. ಇಬ್ಬರು ಸಾಕ್ಷಿ, ನೋಟರಿ, ನೋಟರಿಯಾದ 60 ದಿನದೊಳಗೆ ಕೌಂಟಿ ಕಚೇರಿಯಲ್ಲಿ ರೆಕಾರ್ಡ್ ಮಾಡಿಸಬೇಕು. ಖರ್ಚು ಹೆಚ್ಚೇನೂ ಇಲ್ಲ. ಆದರೆ ಅದು ಕಣ್ಣು ಮುಚ್ಚಿದ ಮೇಲಷ್ಟೇ ಕೆಲಸಕ್ಕೆ ಬರುವುದು. ಆಸ್ಪತ್ರೆಯಲ್ಲಿ ಮಲಗಿದ್ದರೆ, ಊರಿನಲ್ಲಿ ಸಿಕ್ಕಿಕೊಂಡಿದ್ದರೆ ಉಪಯೋಗವಿಲ್ಲ. ಅದನ್ನು ಕೈಬಿಟ್ಟೆ. ಕಾರಿಗೆ ಮಾತ್ರ ಇದೇ ಉಪಾಯ ಸಾಕು, ಡಿಎಂವಿ (ವಾಹನ ನೋಂದಣಿ ಇಲಾಖೆ) ಕಾಗದದಲ್ಲೇ ವಾರಸುದಾರರ ಹೆಸರು ಸೇರಿಸಬಹುದು.

ಟ್ರಸ್ಟ್ ಪತ್ರಕ್ಕೆ ನೂರು ಡಾಲರಿನ ಆಸುಪಾಸಿನ ಸಾಫ್ಟ್‌ವೇರ್ ಬಳಸಿದೆವು. ಒಬ್ಬ ವಕೀಲೆಗೆ ಒಂದು ಗಂಟೆಯ ಶುಲ್ಕ, ನಾನೂರರಷ್ಟು, ಕೊಟ್ಟು ಓದಿಸಿದೆವು. ಆಕೆ ಸೇರಿಸಿದ್ದು ಒಂದೇ ವಾಕ್ಯ: ಟ್ರಸ್ಟಿಗೆ ಹೋದ ಮೇಲೂ ಇದು ದಂಪತಿಯ ಕಮ್ಯುನಿಟಿ ಪ್ರಾಪರ್ಟಿಯಾಗಿಯೇ (ಇಬ್ಬರಿಗೂ ಸಮಪಾಲಿನ ಜಂಟಿ ಆಸ್ತಿಯಾಗಿಯೇ) ಉಳಿಯತಕ್ಕದ್ದು. ಒಬ್ಬರು ತೀರಿಕೊಂಡಾಗ ಇಡೀ ಮನೆಯ ಮೂಲಬೆಲೆ (ಮಾರಿದಾಗ ಲಾಭದ ತೆರಿಗೆ ಲೆಕ್ಕ ಹಾಕುವ ಬೆಲೆ) ಅಂದಿನ ಮಾರುಕಟ್ಟೆ ದರಕ್ಕೆ ಏರಬೇಕಾದರೆ ಅದು ಬೇಕು. ಉಳಿದದ್ದನ್ನು ಆಕೆ ಮುಟ್ಟಲಿಲ್ಲ.

ಡೀಡಿನಲ್ಲಿ ನಮಗೆ ಪೆಟ್ಟು ಬಿದ್ದದ್ದು ಹೆಸರಿನಿಂದ. ಮನೆ ಕೊಂಡಾಗ ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿತ್ತು. ಸಿಟಿಜನ್‌ಷಿಪ್ ಸಿಕ್ಕಾಗ ಮನೆತನದ ಹೆಸರಿಗೆ ಬದಲಾಯಿಸಿಕೊಂಡಿದ್ದೆ. ನೋಟರಿ ನೋಡುವುದು ಲೈಸೆನ್ಸ್, ರೆಕಾರ್ಡರ್ ನೋಡುವುದು ಹಳೆಯ ಡೀಡ್. ಮೊದಲ ಸಲ ವಾಪಸ್ ಬಂತು. ಎರಡನೇ ಸಲ ಈಗಿನ ಹೆಸರು ಬರೆದು, ಅಲ್ಪವಿರಾಮ ಹಾಕಿ, "ಈ ಹಿಂದೆ ಇಂಥ ಹೆಸರಿನಲ್ಲಿ ಹಕ್ಕು ಪಡೆದವರು" ಎಂದು ಸೇರಿಸಿದೆ. ಅಪ್ಪನ ಹೆಸರು, ಊರಿನ ಇನಿಷಿಯಲ್ ಹೊತ್ತು ಬಂದಿರುವ ನಮ್ಮವರಲ್ಲಿ ಅರ್ಧ ಜನಕ್ಕೆ ಈ ವಾಕ್ಯ ಬೇಕಾದೀತು. ಜಾಗದ ವಿವರವನ್ನು ಮಾತ್ರ ಹಳೆಯ ಡೀಡಿನಿಂದ ಅಕ್ಷರ ಬಿಡದೆ ಇಳಿಸಿಕೊಳ್ಳಿ. ಹಕ್ಕಿನ ಖಾತ್ರಿಯಿಲ್ಲದ ಕ್ವಿಟ್‌ಕ್ಲೇಮ್ ಬೇಡ, ಖಾತ್ರಿಯಿರುವ ಗ್ರಾಂಟ್ ಡೀಡ್ ಮಾಡಿ. ನೋಟರಿಗೆ ಸಹಿಗೆ 15 ಡಾಲರ್, ರೆಕಾರ್ಡಿಂಗ್ ಎಲ್ಲ ಸೇರಿ ಒಂದೊಂದು ಡೀಡಿಗೆ ನೂರರ ಆಚೀಚೆ ಆಯಿತು.

ಡೀಡ್ ಬದಲಾದರೆ ಪ್ರಾಪರ್ಟಿ ಟ್ಯಾಕ್ಸ್ ಏರುತ್ತದೆ, ಬ್ಯಾಂಕು ಸಾಲ ವಾಪಸ್ ಕೇಳುತ್ತದೆ ಎಂದು ಹೆದರಿಸಿದವರು ಬಹಳ. ನಾವೇ ರದ್ದು ಮಾಡಬಹುದಾದ ನಮ್ಮ ಸ್ವಂತ ಟ್ರಸ್ಟಿಗೆ ಮನೆ ಹಾಕಿದರೆ ಮರುಮೌಲ್ಯಮಾಪನ ಇಲ್ಲ; ಡೀಡಿನ ಜೊತೆ ಕೊಡುವ ಪಿಕಾರ್ (ಮಾಲೀಕತ್ವ ಬದಲಾವಣೆಯ ವರದಿ) ಫಾರ್ಮಿನಲ್ಲಿ ಅದಕ್ಕೊಂದು ಚೌಕವಿದೆ, ಟಿಕ್ ಮಾಡಿ. ಅಕ್ಟೋಬರಿನ ಬಿಲ್ಲು ನೋಡಿದೆ, ಎಂದಿನಂತೆ ಶೇ. 2ರ ಏರಿಕೆಯಷ್ಟೇ. ವಾಸದ ಮನೆಯ ಸಾಲಕ್ಕೆ 1982ರ ಫೆಡರಲ್ ಕಾನೂನಿನ ರಕ್ಷಣೆ ಇದೆ.

ಖಾತೆಯನ್ನು ಟ್ರಸ್ಟಿನ ಹೆಸರಿಗೆ ಮಾಡಿಸಲು ಹೋದಾಗ ಬ್ಯಾಂಕಿನಲ್ಲಿ ಪೂರ್ತಿ ಟ್ರಸ್ಟ್ ಪತ್ರ ಕೊಡಿ ಎಂದು ಹಟ ಹಿಡಿದರು. ಮಕ್ಕಳಿಗೆ ಎಷ್ಟು, ಯಾವ ವಯಸ್ಸಿಗೆ ಎಂಬುದನ್ನು ಕೌಂಟರಿನವರು ಓದಬೇಕಿಲ್ಲ. ಪ್ರೊಬೇಟ್ ಕೋಡ್ 18100.5 ಪ್ರಕಾರ ಸರ್ಟಿಫಿಕೇಷನ್ ಸಾಕು ಎಂದು ಮ್ಯಾನೇಜರ್‌ಗೆ ತೋರಿಸಿದ ಮೇಲೆ ತೆಗೆದುಕೊಂಡರು. 401ಕೆ, ಐಆರ್‌ಎ ಎಂಬ ನಿವೃತ್ತಿ ಖಾತೆಗಳನ್ನು ಟ್ರಸ್ಟಿಗೆ ತರಲಿಲ್ಲ, ವಾರಸುದಾರರನ್ನು ಹೆಸರಿಸುವ ಬೆನಿಫಿಷಿಯರಿ ಫಾರ್ಮ್ ಮಾತ್ರ ಸರಿಮಾಡಿದೆವು.

ಟೌನ್‌ಹೌಸ್ ಮಾರಾಟವನ್ನು ಉಳಿಸಿದ್ದು ಒಂದು ಸಾಲು: ಇಬ್ಬರು ಟ್ರಸ್ಟಿಗಳಲ್ಲಿ (ಟ್ರಸ್ಟ್ ನಡೆಸುವ ನಾನು, ನಮ್ಮವರು) ಯಾರೊಬ್ಬರಾದರೂ ಒಂಟಿಯಾಗಿ ಸಹಿ ಮಾಡಬಹುದು. ಹಾಗೆ ಬರೆಯದಿದ್ದರೆ ಇಲ್ಲಿನ ಕಾನೂನು ಇಬ್ಬರ ಒಪ್ಪಿಗೆಯನ್ನೂ ಕೇಳುತ್ತದೆ. ಅದೇ ಸಾಲು ಸರ್ಟಿಫಿಕೇಷನ್‌ನಲ್ಲೂ ಇರಲಿ, ಟೈಟಲ್ ಕಂಪನಿ ಓದುವುದು ಅದನ್ನೇ. ನಾವಿಬ್ಬರೂ ಇಲ್ಲವಾದರೆ ಮಕ್ಕಳ ಗಾರ್ಡಿಯನ್ ಆಗುವವರು ಊರಿನಲ್ಲಿ, ದುಡ್ಡು ನೋಡಿಕೊಳ್ಳುವವರು ಇಲ್ಲಿ. ಅವರ ನಡುವೆ ಜಗಳ ಬಾರದಂತೆ ಏನು ಬರೆದೆ ಎಂಬುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಗಂಡಹೆಂಡತಿಯಲ್ಲಿ ಒಬ್ಬರು ಸಿಟಿಜನ್ ಅಲ್ಲದೆ ಆಸ್ತಿ ದೊಡ್ಡದಿದ್ದರೆ, ವಿಶೇಷ ಆರೈಕೆ ಬೇಕಾದ ಮಗುವಿದ್ದರೆ, ಎರಡನೇ ಮದುವೆಯ ಮಕ್ಕಳಿದ್ದರೆ ಸುಮ್ಮನೆ ವಕೀಲರ ಹತ್ತಿರ ಹೋಗಿ. ಕೆಲಸದ ಕಂಪನಿ ಕೊಡುವ ಲೀಗಲ್ ಪ್ಲಾನ್ (ತಿಂಗಳ ಶುಲ್ಕಕ್ಕೆ ವಕೀಲರ ಸೇವೆ) ಇದ್ದರೂ ಅಷ್ಟೇ, ತಿಂಗಳಿಗೆ ಇಪ್ಪತ್ತು ಡಾಲರಿಗೆ ಆಗುವುದನ್ನು ಬಿಡಬೇಡಿ.

ಮೈಸೂರಿನ ಸೈಟನ್ನು ಅಮೆರಿಕದ ಟ್ರಸ್ಟಿಗೆ ಎಳೆಯಲು ಹೋಗಲಿಲ್ಲ. ನಮ್ಮವರು ಅಲ್ಲೇ ಪ್ರತ್ಯೇಕ ಉಯಿಲು ಬರೆದು, ಇಬ್ಬರು ಸಾಕ್ಷಿ ಹಾಕಿಸಿ, ಕಡ್ಡಾಯವಲ್ಲದಿದ್ದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದರು. ಸ್ಟ್ಯಾಂಪ್ ಡ್ಯೂಟಿ ಇಲ್ಲ. ಆದರೆ ಟ್ರಸ್ಟಿನ ಜೊತೆ ಇಲ್ಲಿನ ಸಾಫ್ಟ್‌ವೇರ್ ಕೊಡುವ ಉಯಿಲಿನ ಮೊದಲ ಸಾಲೇ "ಹಿಂದಿನ ಎಲ್ಲ ಉಯಿಲುಗಳನ್ನೂ ರದ್ದುಪಡಿಸಿದ್ದೇನೆ" ಎಂದಿರುತ್ತದೆ. ಅದನ್ನು ಹಾಗೇ ಬಿಟ್ಟು ಆಮೇಲೊಮ್ಮೆ ಇಲ್ಲಿ ಸಹಿ ಹಾಕಿದರೆ ಮೈಸೂರಿನ ಉಯಿಲೂ ಹೋಯಿತು. ಇಲ್ಲಿನ ಉಯಿಲಿನಲ್ಲಿ "ಭಾರತದ ಸ್ಥಿರಾಸ್ತಿಯ ಉಯಿಲನ್ನು ಹೊರತುಪಡಿಸಿ" ಎಂದು ಸೇರಿಸಿ, ಎರಡೂ ಒಂದಕ್ಕೊಂದು ಹೊಂದುವಂತೆ ಬರೆಯಿರಿ.