ಚೀನಾದ ಗುವಾಂಗ್‌ಝೌಗೆ ಹೊಸಬರಾ? ಊರಿನ ಸುದ್ದಿ ಓದಿ

ಇಂಗ್ಲಿಷ್ ಸುದ್ದಿಯನ್ನಷ್ಟೇ ನೋಡುತ್ತಿದ್ದರೆ ಇಲ್ಲಿ ಅಕ್ಕಪಕ್ಕದವರ ಜೊತೆ ಮಾತಿಗೆ ವಿಷಯವೇ ಸಿಗಲ್ಲ. ಚೀನಾದ ಚಾಟ್ ಆ್ಯಪ್ ವೀಚಾಟ್‌ನಲ್ಲಿ ನಿಮ್ಮ ಜಿಲ್ಲೆಯ ಅಧಿಕೃತ ಖಾತೆ ಫಾಲೋ ಮಾಡಿ. 1957ರಲ್ಲಿ ಶುರುವಾದ ಇಲ್ಲಿನ ಸಂಜೆ ಪತ್ರಿಕೆ ‘ಯಾಂಗ್‌ಚೆಂಗ್ ವಾನ್‌ಬಾವ್’ ಕೂಡ ಇರಲಿ. ಚೀನೀ ಅಕ್ಷರ ಬರಲ್ಲ ಅಂತ ಹೆದರಬೇಡಿ. ಸಾಲನ್ನು ಚಾಟ್‌ಗೆ ಹಾಕಿ ಒತ್ತಿ ಹಿಡಿದರೆ ಅನುವಾದ ಸಿಗುತ್ತದೆ. ತಪ್ಪುತಪ್ಪಾಗಿರುತ್ತದೆ, ಆದರೂ ಸಾಕು.

ದೊಡ್ಡ ರಾಜಕೀಯ ಸುದ್ದಿ ಬಿಡಿ. ಡ್ರ್ಯಾಗನ್ ದೋಣಿ ಓಟ ಎಲ್ಲಿ, ಚೀನೀ ಹೊಸವರ್ಷದ ಹೂವಿನ ಸಂತೆ ಯಾವಾಗ, ಚಂಡಮಾರುತಕ್ಕೆ ಶಾಲೆಗೆ ರಜೆಯಾ, ಇಂಥದ್ದನ್ನೇ ಹುಡುಕಿ. ಆಮೇಲೆ ಕೆಳಗಿನ ಹಣ್ಣಿನಂಗಡಿಯಲ್ಲಿ ಸುಮ್ನೆ ಫೋನ್ ತೋರಿಸಿ, "ಹೂಸಂತೆಗೆ ಯಾವ ದಿನ ಹೋಗೋದು ಒಳ್ಳೇದು?" ಅಂತ ಕೇಳಿ. ಊರಿನವರಿಗೆ ಇಂಥ ವಿಷಯದಲ್ಲಿ ಸಲಹೆ ಕೊಡೋದು ತುಂಬಾ ಇಷ್ಟ. ಮನೆಯಲ್ಲಿ ಇಲ್ಲಿನ ಸ್ಥಳೀಯ ಭಾಷೆಯಾದ ಕ್ಯಾಂಟನೀಸ್‌ನ ರೇಡಿಯೋ ಹಾಕಿಡಿ, ಹಳಬರು ಮಾತಾಡೋದು ಅದನ್ನೇ ಅಲ್ವಾ.